ಕಲಿತರೂ ಕೆಲಸ ಮಾಡದ ರಿಮೋಟ್: ಅಪರಿಚಿತ ಅವಗೆಂಪು ಸಂಕೇತಗಳ ದೋಷ ನಿವಾರಣೆ

ಹಳೆಯ ರಿಮೋಟನ್ನು ಯೂನಿವರ್ಸಲ್ ರಿಮೋಟಿನ ಎದುರು ಹಿಡಿದು ಗುಂಡಿ ಒತ್ತಿದಾಗ ಅದು ಕಲಿತುಕೊಂಡಂತೆ ದೀಪ ಮಿನುಗಿಸುತ್ತದೆ. ಆದರೆ ಆ ಬಳಿಕ ಎಷ್ಟು ಸಲ ಒತ್ತಿದರೂ ಉಪಕರಣ ಮಿಸುಕುವುದಿಲ್ಲ. ಇಲ್ಲವೇ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಮೂರು ಕಾಲಿನ ಅವಗೆಂಪು (ಇನ್‌ಫ್ರಾರೆಡ್) ರಿಸೀವರ್ ಜೋಡಿಸಿ ನೋಡಿದಾಗ, ಗೊತ್ತಿಲ್ಲದ ಪ್ರೋಟೊಕಾಲ್ (ಸಂಕೇತ ಕಟ್ಟುವ ಪದ್ಧತಿ) ಎಂಬ ಸೂಚನೆಯ ಜೊತೆಗೆ ಉದ್ದನೆಯ ಸಂಖ್ಯೆಯೊಂದು ಪರದೆಯ ಮೇಲೆ ಮೂಡುತ್ತದೆ. ಆ ಸಂಖ್ಯೆಯನ್ನೇ ಮರಳಿ ಕಳುಹಿಸಿದರೆ ಏನೂ ಆಗುವುದಿಲ್ಲ.

ಈ ಎರಡನೆಯ ಸಂದರ್ಭದಲ್ಲಿ ಬಹಳ ಮಂದಿ ಎಡವುತ್ತಾರೆ. ಆರ್ಡುಯಿನೊ ಬಳಕೆದಾರರಿಗೆ ಪರಿಚಿತವಾದ ಐಆರ್‌ರಿಮೋಟ್ ಲೈಬ್ರರಿಯು (ಸಿದ್ಧ ತಂತ್ರಾಂಶ) ಗುರುತು ಹತ್ತದ ಸಂಕೇತಕ್ಕೆ ತೋರಿಸುವ 32 ಬಿಟ್‌ಗಳ ಸಂಖ್ಯೆ ಆ ಗುಂಡಿಯ ಕೋಡ್ ಅಲ್ಲವೇ ಅಲ್ಲ. ಅದು ಬಂದ ಅವಧಿಗಳಿಂದ ಲೆಕ್ಕ ಹಾಕಿದ ಒಂದು ಹ್ಯಾಶ್, ಅಂದರೆ ಗುರುತಿನ ಸಂಖ್ಯೆ. ಒಂದು ಗುಂಡಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದಕ್ಕೆ ಅದು ಸಾಕು, ಆದರೆ ಅದರಿಂದ ಮೂಲ ಸಂಕೇತವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಆದ್ದರಿಂದ ಡಿಕೋಡರ್ (ಸಂಕೇತವನ್ನು ಬಿಡಿಸಿ ಓದುವ ತಂತ್ರಾಂಶ) ಹೇಳುವ ಸಂಖ್ಯೆಯನ್ನು ಅದರ ತೀರ್ಪು ಎಂದೂ, ಬೆಳಕು ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ಇರಲಿಲ್ಲ ಎಂಬ ಕಚ್ಚಾ ಅಂಕಿಗಳನ್ನು ಸಾಕ್ಷ್ಯ ಎಂದೂ ತಿಳಿದುಕೊಳ್ಳುವುದು ಒಳ್ಳೆಯದು. ಮುಂದೆ ಹೇಳಿರುವ ಪರೀಕ್ಷೆಗಳೆಲ್ಲವೂ ತೀರ್ಪನ್ನು ಬದಿಗಿಟ್ಟು ಸಾಕ್ಷ್ಯವನ್ನು ಓದುವ ಕ್ರಮಗಳು. ಬೆಳಕು ಇರುವ ಅವಧಿಯನ್ನು ಇಲ್ಲಿ ಮಿಡಿತ ಎಂದೂ, ಎರಡು ಮಿಡಿತಗಳ ನಡುವಿನ ಕತ್ತಲೆಯ ಅವಧಿಯನ್ನು ಬಿಡುವು ಎಂದೂ ಕರೆದಿದ್ದೇನೆ.

ಬೆಳಕು ಬರುತ್ತಿದೆಯೇ?

ಮೊದಲು ಮೂಲ ರಿಮೋಟಿನ ತುದಿಯನ್ನು ಫೋನಿನ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ ನೋಡಬೇಕು. ಇಂತಹ ರಿಮೋಟುಗಳ ಎಲ್‌ಇಡಿಗಳು ಸಾಮಾನ್ಯವಾಗಿ 940 ನ್ಯಾನೊಮೀಟರ್ ಸುತ್ತಮುತ್ತಲ ತರಂಗಾಂತರದ ಬೆಳಕನ್ನು ಹೊಮ್ಮಿಸುತ್ತವೆ. ಕಣ್ಣಿಗೆ ಕಾಣದ ಆ ಬೆಳಕು ಅನೇಕ ಕ್ಯಾಮೆರಾಗಳಲ್ಲಿ ಮಸುಕಾದ ನೇರಳೆ ಅಥವಾ ಬಿಳಿ ಚುಕ್ಕೆಯಾಗಿ ಕಾಣಿಸುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಅವಗೆಂಪನ್ನು ತಡೆಯುವ ಫಿಲ್ಟರ್ ಬಲವಾಗಿರುವುದುಂಟು, ಹಾಗಾಗಿ ಅಲ್ಲಿ ಕಾಣದಿದ್ದರೆ ಮುಂಬದಿಯ ಕ್ಯಾಮೆರಾದಲ್ಲಿಯೂ ನೋಡದೆ ನಿರ್ಧಾರಕ್ಕೆ ಬರಬಾರದು. ಎರಡರಲ್ಲಿಯೂ ಏನೂ ಕಾಣದೆ, ರಿಮೋಟ್ ಮಾತ್ರ ಉಪಕರಣವನ್ನು ಸರಿಯಾಗಿಯೇ ನಡೆಸುತ್ತಿದ್ದರೆ, ಅದು ಬ್ಲೂಟೂತ್ ಅಥವಾ ಬೇರೆ ರೇಡಿಯೊ ಅಲೆಗಳನ್ನು ಬಳಸುತ್ತಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅವಗೆಂಪು ರಿಮೋಟ್ ಅದನ್ನು ಕಲಿಯುವ ಮಾತೇ ಇಲ್ಲ. ಕೆಲವು ರಿಮೋಟುಗಳಲ್ಲಿ ಪವರ್ ಗುಂಡಿಗೆ ಮಾತ್ರ ಅವಗೆಂಪು, ಉಳಿದ ಗುಂಡಿಗಳಿಗೆ ರೇಡಿಯೊ ಇರುತ್ತದೆ. ಒಂದೇ ಗುಂಡಿ ಕಲಿತು ಮಿಕ್ಕವು ಕಲಿಯದಿದ್ದಾಗ ಈ ಸಾಧ್ಯತೆಯನ್ನು ಮೊದಲು ನೋಡುವುದು ಲೇಸು.

ಚುಕ್ಕೆ ಕಂಡರೆ, ಎರಡೂ ರಿಮೋಟುಗಳಿಗೆ ಹೊಸ ಬ್ಯಾಟರಿ ಹಾಕಿ ಮುಂದುವರಿಯಬಹುದು.

ಕಲಿಸುವಾಗಿನ ಸುತ್ತಲ ಬೆಳಕು ಮತ್ತು ದೂರ

ಕಲಿಯುವ ರಿಮೋಟಿನ ಒಳಗಿನ ಸಂವೇದಕ ಸಾಮಾನ್ಯವಾಗಿ ಹತ್ತಿರದ ಬೆಳಕಿಗೆಂದೇ ಮಾಡಿದ್ದು. ಎರಡೂ ರಿಮೋಟುಗಳ ತುದಿಗಳನ್ನು ಒಂದೇ ನೇರದಲ್ಲಿ ಕೆಲವು ಸೆಂಟಿಮೀಟರ್ ಅಂತರದಲ್ಲಿಟ್ಟರೆ ಅದಕ್ಕೆ ಅನುಕೂಲ. ಮೂರು ಕಾಲಿನ ರಿಸೀವರಿನ ಸ್ವಭಾವ ಇದಕ್ಕೆ ವಿರುದ್ಧ. ದೂರದಿಂದ ಬರುವ ಕ್ಷೀಣ ಬೆಳಕನ್ನು ಹಿಗ್ಗಿಸಿಕೊಳ್ಳಲು ರೂಪಿಸಿದ ಆ ಭಾಗಕ್ಕೆ ರಿಮೋಟನ್ನು ಮೂಗಿಗೆ ಮೂಗು ತಾಗುವಂತೆ ಹಿಡಿದರೆ ಮಿಡಿತಗಳು ಹಿಗ್ಗಿ, ಬಿಡುವುಗಳು ಕುಗ್ಗಿ, ಅಳತೆ ಕೆಡುತ್ತದೆ. ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ಹಿಂದೆ ಸರಿದರೆ ಎಷ್ಟೋ ಅಪರಿಚಿತ ಸಂಕೇತಗಳು ತಾವಾಗಿಯೇ ಪರಿಚಿತವಾಗುತ್ತವೆ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ, ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ದೀಪದ ಕೆಳಗೆ ಕಲಿಸಬಾರದು. ಗುಂಡಿಯನ್ನೇ ಒತ್ತದೆ ಇರುವಾಗಲೂ ರಿಸೀವರ್ ಚೂರುಪಾರು ಅಂಕಿಗಳನ್ನು ಕೊಡುತ್ತಿದ್ದರೆ ದೋಷ ಕೋಣೆಯ ಬೆಳಕಿನಲ್ಲಿದೆ, ರಿಮೋಟಿನಲ್ಲಿಲ್ಲ.

ವಾಹಕ ಅಲೆಯ ಆವರ್ತನ

ಮಿಡಿತ ಎಂದು ನಾವು ಕರೆಯುವುದು ಒಂದೇ ಸಮನೆ ಉರಿಯುವ ಬೆಳಕಲ್ಲ. ಸೆಕೆಂಡಿಗೆ ಹಲವು ಸಾವಿರ ಸಲ ಹತ್ತಿ ಆರುವ ಬೆಳಕು. ಆ ವೇಗವೇ ವಾಹಕ ಅಲೆಯ ಆವರ್ತನ. ಬಹುಪಾಲು ರಿಮೋಟುಗಳಲ್ಲಿ ಇದು 36ರಿಂದ 40 ಕಿಲೊಹರ್ಟ್ಸ್ ನಡುವೆ ಇರುತ್ತದೆ: ಫಿಲಿಪ್ಸ್ ರೂಪಿಸಿದ ಆರ್‌ಸಿ5ರಲ್ಲಿ 36, ಎನ್‌ಇಸಿ ಪ್ರೋಟೊಕಾಲಿನಲ್ಲಿ 38, ಸೋನಿಯದರಲ್ಲಿ 40. ಅಗ್ಗವಾಗಿ ಸಿಗುವ 455 ಕಿಲೊಹರ್ಟ್ಸ್ ಸೆರಾಮಿಕ್ ರೆಸೊನೇಟರಿನ (ನಿಗದಿತ ವೇಗದಲ್ಲಿ ಕಂಪಿಸುವ ಬಿಡಿಭಾಗ) ಆವರ್ತನವನ್ನು 12ರಿಂದ ಭಾಗಿಸಿದರೆ 37.9 ಬರುತ್ತದೆ ಎಂಬುದನ್ನು ಗಮನಿಸಿದರೆ, 38 ಎಂಬ ಅಂಕಿಗೆ ಇಷ್ಟು ಬಳಕೆ ಏಕೆ ಎಂಬುದೂ ತಿಳಿಯುತ್ತದೆ. ಬ್ಯಾಂಗ್ ಆ್ಯಂಡ್ ಓಲುಫ್ಸೆನ್ ಉಪಕರಣಗಳು ಮಾತ್ರ 455 ಕಿಲೊಹರ್ಟ್ಸನ್ನು ಭಾಗಿಸದೆ ಹಾಗೆಯೇ ಬಳಸಿಕೊಂಡವು. ಸಾಮಾನ್ಯ ಕಲಿಯುವ ರಿಮೋಟಿಗೆ ಅವು ಕಾಣುವುದೇ ಇಲ್ಲ.

ಮೂರು ಕಾಲಿನ ರಿಸೀವರ್ ಈ ವಾಹಕವನ್ನು ಸೋಸಿ ತೆಗೆದು, ಮಿಡಿತದ ಹೊರರೇಖೆಯನ್ನಷ್ಟೇ ಮುಂದಕ್ಕೆ ಕೊಡುತ್ತದೆ. ಆದ್ದರಿಂದ ಅದರಿಂದ ಪಡೆದ ಅಂಕಿಗಳಲ್ಲಿ ಆವರ್ತನದ ಸುಳಿವೇ ಇರುವುದಿಲ್ಲ, ತಂತ್ರಾಂಶವು 38 ಎಂದು ಊಹಿಸಿಕೊಂಡಿರುತ್ತದೆ ಅಷ್ಟೆ. ಊಹೆ ತಪ್ಪಿದ್ದರೆ ಅದರ ಲಕ್ಷಣ ವಿಚಿತ್ರವಾಗಿರುತ್ತದೆ: ಉಪಕರಣದ ಮುಂದೆ ಹೋಗಿ ಒತ್ತಿದರೆ ಕೆಲಸ ಮಾಡುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಇಲ್ಲ. ಉಪಕರಣದ ಒಳಗಿನ ಫಿಲ್ಟರ್ ತನ್ನದಲ್ಲದ ಆವರ್ತನವನ್ನು ಪೂರ್ತಿಯಾಗಿ ತಡೆಯದೆ ದುರ್ಬಲಗೊಳಿಸುವುದೇ ಇದಕ್ಕೆ ಕಾರಣ. ಎಲ್‌ಇಡಿ ದುರ್ಬಲವಾಗಿದೆ ಎಂದು ಭಾವಿಸಿ ಅದನ್ನು ಬದಲಿಸುವ ಮೊದಲು 36, 38, 40 ಮೂರರಲ್ಲಿಯೂ ಕಳುಹಿಸಿ, ಯಾವುದು ಹೆಚ್ಚು ದೂರ ತಲುಪುತ್ತದೆ ಎಂದು ನೋಡಿದರೆ ಬಿಡಿಭಾಗದ ಖರ್ಚು ಉಳಿಯುತ್ತದೆ.

ಆವರ್ತನವನ್ನು ಅಳೆದೇ ತಿಳಿಯಬೇಕೆಂದರೆ ವಾಹಕವನ್ನು ಸೋಸದ ಸಂವೇದಕ ಬೇಕು. ಟಿಎಸ್‌ಎಂಪಿ58000 ಎಂಬ ಭಾಗ ಕಲಿಯುವ ರಿಮೋಟುಗಳಿಗೆಂದೇ ಇದೆ. ಸಾಧಾರಣ ಫೋಟೊಡಯೋಡ್ ಒಂದನ್ನು, ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೊಸ್ಕೋಪಿಗೆ ಜೋಡಿಸಿದರೂ ನಡೆಯುತ್ತದೆ. ಆಗ ಒಂದು ಮಿಡಿತದೊಳಗಿನ ಅಲೆಗಳನ್ನು ಎಣಿಸಬಹುದು: 889 ಮೈಕ್ರೊಸೆಕೆಂಡಿನ ಮಿಡಿತದಲ್ಲಿ 32 ಅಲೆಗಳಿದ್ದರೆ ಆವರ್ತನ 36 ಕಿಲೊಹರ್ಟ್ಸ್.

ಪ್ರಾಂಟೊ ಮಾದರಿಯ ಕೋಡ್ (ಸಂಕೇತವನ್ನು ಹದಿನಾರರ ಪದ್ಧತಿಯ ಪದಗಳಲ್ಲಿ ಬರೆಯುವ ರೂಪ) ಬಳಸುವವರು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಅದರಲ್ಲಿ ಮೊದಲ ಪದ 0000 ಇದ್ದರೆ ಅದು ಕಲಿತ ಕಚ್ಚಾ ಸಂಕೇತ. ಎರಡನೆಯ ಪದ ಆವರ್ತನವನ್ನು ಹೇಳುತ್ತದೆ. ಹದಿನಾರರ ಪದ್ಧತಿಯ ಆ ಪದವನ್ನು ದಶಮಾನಕ್ಕೆ ತಂದು 0.241246ರಿಂದ ಗುಣಿಸಿದರೆ ಒಂದು ಅಲೆಯ ಅವಧಿ ಮೈಕ್ರೊಸೆಕೆಂಡುಗಳಲ್ಲಿ ಸಿಗುತ್ತದೆ. 0067 ಎಂದರೆ 103, ಅಂದರೆ ಸುಮಾರು 40.2 ಕಿಲೊಹರ್ಟ್ಸ್, 0073 ಎಂದರೆ 115, ಅಂದರೆ ಸುಮಾರು 36 ಕಿಲೊಹರ್ಟ್ಸ್. ಮುಂದಿನ ಎಲ್ಲ ಅವಧಿಗಳನ್ನೂ ಈ ಅಲೆಗಳ ಎಣಿಕೆಯಲ್ಲಿಯೇ ಬರೆದಿರುವುದರಿಂದ, ಆವರ್ತನದ ಪದವೊಂದನ್ನೇ ತಿದ್ದಿದರೆ ಅವಧಿಗಳೂ ಬದಲಾಗಿಬಿಡುತ್ತವೆ. 0067ನ್ನು 0073 ಮಾಡಿದರೆ ಪ್ರತಿ ಮಿಡಿತವೂ ಬಿಡುವೂ ಸುಮಾರು ಶೇಕಡ 12ರಷ್ಟು ಹಿಗ್ಗುತ್ತದೆ. ಒಂದು ದೋಷವನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಸೇರಿಸಿದಂತಾಗುತ್ತದೆ.

ಕಚ್ಚಾ ಅವಧಿಗಳನ್ನು ಓದುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಒಂದು ಗುಂಡಿಯನ್ನು ಒತ್ತಿದಾಗ ಹೀಗೊಂದು ಸಾಲು ಸಿಕ್ಕಿತೆಂದು ಇಟ್ಟುಕೊಳ್ಳೋಣ, ಎಲ್ಲವೂ ಮೈಕ್ರೊಸೆಕೆಂಡುಗಳಲ್ಲಿ: 9050, 4450, 610, 510, 610, 510, 610, 1640, 610, 510, ಹೀಗೆ ಒಟ್ಟು 67 ಅಂಕಿಗಳು. ಮೊದಲನೆಯದು ಮಿಡಿತ, ಎರಡನೆಯದು ಬಿಡುವು, ಮೂರನೆಯದು ಮತ್ತೆ ಮಿಡಿತ. ಆರಂಭದ ದೊಡ್ಡ ಜೋಡಿ ಸಂಕೇತದ ಪೀಠಿಕೆ. ಅದರ ನಂತರ ಮಿಡಿತಗಳೆಲ್ಲ 610ರಲ್ಲಿಯೇ ನಿಂತಿವೆ. ಬಿಡುವುಗಳು ಮಾತ್ರ 510 ಮತ್ತು 1640 ಎಂಬ ಎರಡು ಗುಂಪುಗಳಾಗಿ ಒಡೆದಿವೆ. ಅಂದರೆ ಮಾಹಿತಿ ಇರುವುದು ಬಿಡುವಿನಲ್ಲಿ. ಪೀಠಿಕೆಗೆ ಎರಡು, ಪ್ರತಿ ಬಿಟ್ಟಿಗೆ ಎರಡು, ಕೊನೆಯಲ್ಲಿ ಮುಕ್ತಾಯದ ಒಂದು ಮಿಡಿತ ಎಂದು ಲೆಕ್ಕ ಹಾಕಿದರೆ 67 ಅಂಕಿಗಳಲ್ಲಿ 32 ಬಿಟ್‌ಗಳಿವೆ.

ಎನ್‌ಇಸಿ ಪ್ರೋಟೊಕಾಲಿನ ನಿಗದಿತ ಅಳತೆಗಳೆಂದರೆ 9000 ಮತ್ತು 4500ರ ಪೀಠಿಕೆ, 562.5ರ ಮಿಡಿತ, ಸೊನ್ನೆಗೆ ಅಷ್ಟೇ ಬಿಡುವು, ಒಂದಕ್ಕೆ ಸುಮಾರು 1690ರ ಬಿಡುವು. ನಮಗೆ ಸಿಕ್ಕ ಮಿಡಿತಗಳು ಅದಕ್ಕಿಂತ ಸುಮಾರು 50 ಹೆಚ್ಚು, ಬಿಡುವುಗಳು ಅಷ್ಟೇ ಕಡಿಮೆ. ಇದು ರಿಮೋಟಿನ ತಪ್ಪಲ್ಲ, ರಿಸೀವರಿನ ಚಾಳಿ. ಅದು ಮಿಡಿತವನ್ನು ಸ್ವಲ್ಪ ಎಳೆದು ಬಿಡುವನ್ನು ಅಷ್ಟರಮಟ್ಟಿಗೆ ನುಂಗುತ್ತದೆ. ಹಾಗಾಗಿ ಮಿಡಿತವನ್ನೂ ಅದರ ಮುಂದಿನ ಬಿಡುವನ್ನೂ ಕೂಡಿಸಿ ನೋಡಬೇಕು. 610 ಮತ್ತು 510 ಸೇರಿ 1120, 610 ಮತ್ತು 1640 ಸೇರಿ 2250; ಎನ್‌ಇಸಿಯ 1125 ಮತ್ತು 2250ಕ್ಕೆ ಇವು ಒಪ್ಪವಾಗಿ ಹೊಂದುತ್ತವೆ. ಡಿಕೋಡರುಗಳು ಸಾಮಾನ್ಯವಾಗಿ ಶೇಕಡ 25ರಷ್ಟು ವ್ಯತ್ಯಾಸವನ್ನು ಸಹಿಸುತ್ತವೆ. ರಿಸೀವರಿನ ಎಳೆತ ಅದನ್ನು ಮೀರಿದಾಗ, ಸಂಕೇತ ಎಷ್ಟೇ ಮಾಮೂಲಿಯದಾಗಿದ್ದರೂ ಗುರುತು ಸಿಗಲಿಲ್ಲ ಎನ್ನುತ್ತವೆ. ಕಲಿತ ಅಂಕಿಗಳನ್ನು ಹಾಗೆಯೇ ಮರಳಿ ಕಳುಹಿಸಿದರೆ ಉಪಕರಣದ ರಿಸೀವರ್ ತನ್ನ ಪಾಲಿನ ಎಳೆತವನ್ನು ಅದರ ಮೇಲೆ ಮತ್ತೆ ಸೇರಿಸುತ್ತದೆ. ಕೆಲವೊಮ್ಮೆ ಕೆಲಸ ಮಾಡಿ ಕೆಲವೊಮ್ಮೆ ಮಾಡದ ರಿಮೋಟಿನ ಗುಟ್ಟು ಇದೇ ಆಗಿರಬಹುದು. ಅಂಕಿಗಳನ್ನು ನಿಗದಿತ ಅಳತೆಗೆ ಸರಿಪಡಿಸಿ ಕಳುಹಿಸುವುದು ಇದಕ್ಕೆ ಮದ್ದು.

ಎಲ್ಲ ಸಂಕೇತಗಳೂ ಬಿಡುವಿನಲ್ಲಿ ಮಾತಾಡುವುದಿಲ್ಲ. ಬಿಡುವುಗಳೆಲ್ಲ 600ರ ಆಸುಪಾಸಿನಲ್ಲಿದ್ದು ಮಿಡಿತಗಳು 600 ಮತ್ತು 1200 ಎಂದು ಒಡೆದಿದ್ದರೆ, ಮೊದಲಿಗೆ 2400ರ ಮಿಡಿತವೂ ಇದ್ದರೆ, ಅದು ಸೋನಿಯ ಪದ್ಧತಿ; ಅದರಲ್ಲಿ 12, 15 ಅಥವಾ 20 ಬಿಟ್‌ಗಳಿರುತ್ತವೆ. ಮಿಡಿತ ಮತ್ತು ಬಿಡುವು ಎರಡೂ ಒಂದಳತೆ ಇಲ್ಲವೇ ಅದರ ಎರಡರಷ್ಟು ಇದ್ದರೆ, ಉದಾಹರಣೆಗೆ 889 ಮತ್ತು 1778, ಅದು ಮ್ಯಾಂಚೆಸ್ಟರ್ ಪದ್ಧತಿಯ ಆರ್‌ಸಿ5. ಪೀಠಿಕೆಯಲ್ಲಿ 4500 ಮತ್ತು 4500 ಕಂಡರೆ ಸ್ಯಾಮ್‌ಸಂಗ್, 3456 ಮತ್ತು 1728 ಕಂಡು ಮುಂದೆ 48 ಬಿಟ್‌ಗಳಿದ್ದರೆ ಕಸೈಕ್ಯೊ ಎಂಬ ಜಪಾನಿ ಪದ್ಧತಿ ಎಂದು ಅನುಮಾನಿಸಬಹುದು.

ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಒಂದು ಹಳ್ಳವಿದೆ, ತಿಳಿಯದವರು ಅದರಲ್ಲಿ ಕಾಲಿಡುವುದು ಖಚಿತ. ಅಲ್ಲಿ ಪ್ರತಿ ಬಿಟ್ಟಿಗೂ ಎರಡು ಅರ್ಧಗಳು. ಆರ್‌ಸಿ5ರಲ್ಲಿ ಬಿಡುವಿನ ನಂತರ ಮಿಡಿತ ಬಂದರೆ 1, ಮಿಡಿತದ ನಂತರ ಬಿಡುವು ಬಂದರೆ 0. ಮೊದಲ ಬಿಟ್ ಯಾವಾಗಲೂ 1 ಆಗಿರುವುದರಿಂದ ಅದರ ಮೊದಲರ್ಧ ಕತ್ತಲೆ, ಅದು ದಾಖಲಾಗುವುದೇ ಇಲ್ಲ. ಹಾಗಾಗಿ ನಮ್ಮ ಸಾಲು ಒಂದು ಬಿಟ್ಟಿನ ನಡುವಿನಿಂದ ಆರಂಭವಾಗಿರುತ್ತದೆ. ಕಾಣದ 889ರ ಬಿಡುವನ್ನು ಸಾಲಿನ ತಲೆಗೆ ನಾವೇ ಸೇರಿಸದೆ ಜೋಡಿಗಳನ್ನು ಕಟ್ಟಲು ಹೊರಟರೆ, ಎಲ್ಲೋ ನಡುವೆ ಎರಡೂ ಅರ್ಧಗಳು ಒಂದೇ ಆಗಿರುವ ಅಸಾಧ್ಯ ಬಿಟ್ ಎದುರಾಗಿ ಲೆಕ್ಕ ಮುರಿದುಬೀಳುತ್ತದೆ.

ಬಿಟ್‌ಗಳಿಗೆ ಅರ್ಥ ಕೊಡುವುದು

ಮೇಲಿನ ಎನ್‌ಇಸಿ ಮಾದರಿಯ ಸಾಲಿನಿಂದ 00100000 11011111 00010000 11101111 ಎಂಬ ಬಿಟ್‌ಗಳು ಬಂದವು ಎನ್ನೋಣ. ಮೊದಲ ಎಂಟನ್ನು ತಲೆಕೆಳಗು ಮಾಡಿದರೆ, ಅಂದರೆ ಸೊನ್ನೆಯ ಜಾಗದಲ್ಲಿ ಒಂದನ್ನೂ ಒಂದರ ಜಾಗದಲ್ಲಿ ಸೊನ್ನೆಯನ್ನೂ ಇಟ್ಟರೆ, ಎರಡನೆಯ ಎಂಟು ಸಿಗುತ್ತವೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅದೇ ನಂಟು. ಈ ತಾಳೆ ಕೂಡಿಬಂದರೆ ಓದು ಸರಿಯಾಗಿದೆ ಎಂದು ನೆಮ್ಮದಿಯಿಂದ ಇರಬಹುದು. ಕೂಡಿಬರದಿದ್ದರೆ ಕೂಡಲೇ ತಪ್ಪೆಂದು ತಿಳಿಯಬೇಕಿಲ್ಲ: ವಿಸ್ತೃತ ಎನ್‌ಇಸಿಯಲ್ಲಿ ಮೊದಲ 16 ಬಿಟ್‌ಗಳೂ ವಿಳಾಸವೇ (ಯಾವ ಉಪಕರಣ ಎಂಬುದು) ಆಗಿರುತ್ತವೆ, ಅಲ್ಲಿ ತಲೆಕೆಳಗಿನ ಪ್ರತಿ ಆಜ್ಞೆಗೆ (ಯಾವ ಗುಂಡಿ ಎಂಬುದಕ್ಕೆ) ಮಾತ್ರ ಇರುತ್ತದೆ.

ಸಂಖ್ಯೆ ಮಾಡಿಕೊಳ್ಳುವಾಗ ದಿಕ್ಕು ತಪ್ಪುವುದು ತೀರಾ ಸಾಮಾನ್ಯ. ಎನ್‌ಇಸಿಯಲ್ಲಿ ಕಡಿಮೆ ಬೆಲೆಯ ಬಿಟ್ ಮೊದಲು ಬರುತ್ತದೆ, ಆದ್ದರಿಂದ 00100000 ಎಂಬುದನ್ನು ಬಲದಿಂದ ಎಡಕ್ಕೆ ಓದಿದರೆ ವಿಳಾಸ 4, 00010000 ಎಂಬುದನ್ನು ಹಾಗೆಯೇ ಓದಿದರೆ ಆಜ್ಞೆ 8. ಬಂದ ಕ್ರಮದಲ್ಲಿಯೇ ಓದುವ ತಂತ್ರಾಂಶ ಇದೇ ಬಿಟ್‌ಗಳಿಗೆ 32 ಮತ್ತು 16 ಎನ್ನುತ್ತದೆ. ಎರಡೂ ತಪ್ಪಲ್ಲ, ಆದರೆ ಒಂದು ತಂತ್ರಾಂಶದಲ್ಲಿ ಪಡೆದ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟಾಗ ಉಪಕರಣ ಮೌನವಾಗುತ್ತದೆ. ಒಂದೇ ಲೈಬ್ರರಿಯ ಹಳೆಯ ಮತ್ತು ಹೊಸ ಆವೃತ್ತಿಗಳ ನಡುವೆಯೂ ಈ ಕ್ರಮ ಬದಲಾಗಿರುವುದುಂಟು.

ಪ್ರೋಟೊಕಾಲಿನ ಹೆಸರೇ ತಿಳಿಯದಿದ್ದರೆ 1, 2, 3, 4 ಎಂಬ ಅಂಕಿ ಗುಂಡಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಲ್ಲ ಸಾಲುಗಳಲ್ಲಿಯೂ ಬದಲಾಗದೆ ಉಳಿದದ್ದು ವಿಳಾಸ. ಒಂದೊಂದಾಗಿ ಏರುತ್ತ ಹೋಗುವ ಭಾಗ ಆಜ್ಞೆ, ಅದು ಯಾವ ತುದಿಯಿಂದ ಏರುತ್ತದೆ ಎಂಬುದು ಓದಬೇಕಾದ ದಿಕ್ಕು. ಆಜ್ಞೆ ಬದಲಾದಾಗಲೆಲ್ಲ ತಾನೂ ಬದಲಾಗುವ ಇನ್ನೊಂದು ಭಾಗ ತಾಳೆಯ ಮೊತ್ತ (ಚೆಕ್‌ಸಮ್). ಒಂದೇ ಗುಂಡಿಯನ್ನು ನಾಲ್ಕು ಸಲ ಬಿಟ್ಟು ಬಿಟ್ಟು ಒತ್ತಿದಾಗ ಒಂದು ಬಿಟ್ ಮಾತ್ರ 0, 1, 0, 1 ಎಂದು ಹೊಯ್ದಾಡಿದರೆ ಅದು ಟಾಗಲ್ ಬಿಟ್.

ಒಮ್ಮೆ ಸರಿ, ಮತ್ತೊಮ್ಮೆ ತಪ್ಪು

ಆರ್‌ಸಿ5ರ 14 ಬಿಟ್‌ಗಳಲ್ಲಿ ಮೂರನೆಯದು ಟಾಗಲ್. ಗುಂಡಿಯನ್ನು ಒತ್ತಿಯೇ ಹಿಡಿದಿದ್ದಾರೋ, ಬಿಟ್ಟು ಮತ್ತೆ ಒತ್ತಿದರೋ ಎಂಬುದನ್ನು ಉಪಕರಣಕ್ಕೆ ತಿಳಿಸುವುದು ಅದರ ಕೆಲಸ. ಕಲಿಯುವ ರಿಮೋಟ್ ಒಂದೇ ಒತ್ತುವಿಕೆಯ ಪ್ರತಿಯನ್ನು ಹಿಡಿದಿಟ್ಟುಕೊಂಡರೆ ಟಾಗಲ್ ಬಿಟ್ ಶಾಶ್ವತವಾಗಿ ಹೆಪ್ಪುಗಟ್ಟುತ್ತದೆ. ಆಗ 12ನೇ ಚಾನೆಲ್ ಬರುತ್ತದೆ, 11 ಮಾತ್ರ ಬರುವುದಿಲ್ಲ, ಏಕೆಂದರೆ ಎರಡನೆಯ 1 ಮೊದಲನೆಯದರ ಮುಂದುವರಿಕೆ ಎಂದು ಟಿವಿ ತಿಳಿಯುತ್ತದೆ. ಮ್ಯೂಟ್ ಆಗಿ ಮರಳಿ ಬರದಿರುವುದೂ ಇದೇ ದೋಷದ ಇನ್ನೊಂದು ಮುಖ. ಕಲಿಸುವುದನ್ನು ಬಿಟ್ಟು ಪ್ರೋಟೊಕಾಲ್, ವಿಳಾಸ, ಆಜ್ಞೆ ಎಂದು ಬಿಡಿಸಿ ನಮೂದಿಸಿದರೆ ರಿಮೋಟ್ ತಾನೇ ಟಾಗಲನ್ನು ನೋಡಿಕೊಳ್ಳುತ್ತದೆ. ಆ ಅನುಕೂಲವಿಲ್ಲದಿದ್ದರೆ ಎರಡು ಪ್ರತಿಗಳನ್ನು ಕಲಿಸಿ ಸರದಿಯಂತೆ ಕಳುಹಿಸುವ ಮ್ಯಾಕ್ರೊ ಕಟ್ಟಬೇಕು.

ಪುನರಾವರ್ತನೆಯ ದೋಷ ಬೇರೆ ಬಗೆಯದು. ಎನ್‌ಇಸಿಯಲ್ಲಿ ಗುಂಡಿಯನ್ನು ಹಿಡಿದೇ ಇದ್ದರೆ ಪೂರ್ಣ ಸಂಕೇತ ಒಮ್ಮೆ ಮಾತ್ರ ಹೋಗುತ್ತದೆ. ಆಮೇಲೆ ಸುಮಾರು 108 ಮಿಲಿಸೆಕೆಂಡಿಗೊಮ್ಮೆ 9000, 2250, 562 ಎಂಬ ಮೂರೇ ಅಂಕಿಗಳ ಚುಟುಕು ಸಂಕೇತ ಹೋಗುತ್ತಿರುತ್ತದೆ. ಅದರಲ್ಲಿ ಗುಂಡಿಯ ಹೆಸರೇ ಇರುವುದಿಲ್ಲ. ಮೊದಲ ಸಂಕೇತ ಕೈತಪ್ಪಿ ಈ ಚುಟುಕನ್ನೇ ಕಲಿತ ರಿಮೋಟ್ ಎಷ್ಟು ಒತ್ತಿದರೂ ನಿಷ್ಫಲ. ಹಳೆಯ ತಂತ್ರಾಂಶಗಳಲ್ಲಿ 32 ಬಿಟ್‌ಗಳೂ 1 ಆಗಿರುವ ಸಂಖ್ಯೆ ಕಂಡರೆ ಅದು ಈ ಚುಟುಕಿನ ಗುರುತೇ ಹೊರತು ಯಾವ ಗುಂಡಿಯದೂ ಅಲ್ಲ. ಸೋನಿಯಲ್ಲಿ ಇದಕ್ಕೆ ತದ್ವಿರುದ್ಧ: ಪೂರ್ಣ ಸಂಕೇತವೇ 45 ಮಿಲಿಸೆಕೆಂಡಿಗೊಮ್ಮೆ ಮರಳುತ್ತದೆ ಮತ್ತು ಕನಿಷ್ಠ ಮೂರು ಸಲ ಬಾರದಿದ್ದರೆ ಅನೇಕ ಉಪಕರಣಗಳು ಗಮನಿಸುವುದಿಲ್ಲ. ಬಿಟ್‌ಗಳು ಸರಿಯಾಗಿದ್ದೂ ಉಪಕರಣ ಸುಮ್ಮನಿದ್ದರೆ ಮೂರು ಸಲ ಕಳುಹಿಸಿ ನೋಡಬೇಕು.

ಎಸಿ ರಿಮೋಟಿನ ಉದ್ದ ಸಂಕೇತಗಳು

ಟಿವಿಯ ರಿಮೋಟ್ ಯಾವ ಗುಂಡಿ ಒತ್ತಿದರು ಎಂಬುದನ್ನಷ್ಟೇ ಹೇಳುತ್ತದೆ. ಎಸಿಯ ರಿಮೋಟ್ ಹಾಗಲ್ಲ. ಪ್ರತಿ ಸಲವೂ ತಾಪಮಾನ, ಫ್ಯಾನಿನ ವೇಗ, ಚಾಲನೆಯ ಬಗೆ ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತದೆ. ತಾಪಮಾನ ಏರಿಸುವ ಗುಂಡಿಯನ್ನು ಕಲಿಸಿದಾಗ ಪರದೆಯಲ್ಲಿ 24 ಇದ್ದರೆ, ಕಲಿತ ಗುಂಡಿ ಎಂದೆಂದಿಗೂ 24ನ್ನೇ ತರುತ್ತದೆ. ಇದು ಕಲಿಕೆಯ ದೋಷವಲ್ಲ. ಬೇಕಾದ ಪ್ರತಿ ಸ್ಥಿತಿಗೂ ಒಂದೊಂದು ಗುಂಡಿಯನ್ನು ಮೀಸಲಿಡುವುದೇ ದಾರಿ.

ಉದ್ದದ ತೊಡಕೂ ಇದೆ. 112 ಬಿಟ್‌ಗಳ ಸಂಕೇತಕ್ಕೆ 227 ಅಂಕಿಗಳು ಬೇಕು, ತಂತ್ರಾಂಶದ ಬಫರ್ (ಅಂಕಿಗಳನ್ನು ಹಿಡಿದಿಡುವ ಜಾಗ) 100ಕ್ಕೆ ನಿಂತಿದ್ದರೆ ಬಾಲ ತುಂಡಾಗುತ್ತದೆ. ಯಾವ ಗುಂಡಿ ಒತ್ತಿದರೂ ಅಂಕಿಗಳ ಎಣಿಕೆ ಒಂದೇ ದುಂಡು ಸಂಖ್ಯೆಯಲ್ಲಿ ನಿಲ್ಲುವುದು ಇದರ ಲಕ್ಷಣ. ಕೆಲವು ಎಸಿಗಳ ಸಂಕೇತ ಎರಡು ಮೂರು ತುಂಡುಗಳಲ್ಲಿ, ನಡುವೆ 20 ಮಿಲಿಸೆಕೆಂಡಿಗೂ ಮೀರಿದ ಬಿಡುವಿನೊಡನೆ ಬರುತ್ತದೆ. ಅಷ್ಟು ಹೊತ್ತು ಕಾಯದ ತಂತ್ರಾಂಶ ಮೊದಲ ತುಂಡನ್ನೇ ಇಡೀ ಸಂಕೇತವೆಂದು ಮುಗಿಸಿಬಿಡುತ್ತದೆ. ಕಾಯುವ ಅವಧಿಯನ್ನು ಹೆಚ್ಚಿಸಿ ಮತ್ತೆ ಹಿಡಿಯಬೇಕು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು

ಇಷ್ಟಾದರೂ ಉಪಕರಣ ಒಲಿಯದಿದ್ದರೆ, ಮೂಲ ರಿಮೋಟಿನ ಮತ್ತು ನಮ್ಮ ರಿಮೋಟಿನ ಒಂದೇ ಗುಂಡಿಯನ್ನು ಒಂದೇ ರಿಸೀವರಿನಿಂದ, ಒಂದೇ ದೂರದಿಂದ ಹಿಡಿದು ಅಂಕಿಗಳನ್ನು ಎರಡು ಸಾಲುಗಳಲ್ಲಿ ಬರೆಯಬೇಕು. ರಿಸೀವರಿನ ಎಳೆತ ಎರಡಕ್ಕೂ ಸಮನಾಗಿ ತಗಲುವುದರಿಂದ ಉಳಿದ ವ್ಯತ್ಯಾಸ ನಮ್ಮದೇ. ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ಆವರ್ತನದ ಲೆಕ್ಕ ತಪ್ಪಿದೆ. ಮಿಡಿತಗಳಷ್ಟೇ ಹಿಗ್ಗಿದ್ದರೆ ಎಳೆತದ ತಿದ್ದುಪಡಿ ಆಗಿಲ್ಲ. ಒಂದೆರಡು ಜಾಗದಲ್ಲಿ ಮಾತ್ರ 510 ಮತ್ತು 1640 ಅದಲುಬದಲಾಗಿದ್ದರೆ ಕಲಿಕೆಯಲ್ಲಿ ಬಿಟ್ ಕೆಟ್ಟಿದೆ. ಕೊನೆಯ ಮಿಡಿತ ಇದೆಯೇ ಎಂಬುದನ್ನು ತಪ್ಪದೆ ನೋಡಬೇಕು, ಏಕೆಂದರೆ ಅದಿಲ್ಲದಿದ್ದರೆ ಕಡೆಯ ಬಿಟ್ಟಿನ ಬಿಡುವು ಎಲ್ಲಿ ಮುಗಿಯಿತೆಂದು ಉಪಕರಣಕ್ಕೆ ತಿಳಿಯುವುದಿಲ್ಲ. ಕೈಯಿಂದ ಅಂಕಿ ಬರೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಎರಡೂ ಸಾಲುಗಳು ಕೂದಲೆಳೆಯಷ್ಟೂ ಭೇದವಿಲ್ಲದೆ ಹೊಂದಿಯೂ ಉಪಕರಣ ಸುಮ್ಮನಿದ್ದರೆ, ಈ ರಿಸೀವರ್ ತೋರಿಸದ ಎರಡೇ ಸಂಗತಿಗಳು ಉಳಿಯುತ್ತವೆ: ವಾಹಕದ ಆವರ್ತನ ಮತ್ತು ಎಲ್‌ಇಡಿಯ ಬೆಳಕಿನ ಬಲ. ನಮ್ಮ ರಿಮೋಟನ್ನು ಉಪಕರಣದ ಕಿಟಕಿಗೆ ಒಂದು ಗೇಣು ದೂರದಲ್ಲಿ ಹಿಡಿದು 36, 38, 40 ಕಿಲೊಹರ್ಟ್ಸಿನಲ್ಲಿ ಒಂದೊಂದು ಸಲ ಒತ್ತಬೇಕು. ಮೂರಕ್ಕೂ ಸ್ಪಂದಿಸಿದರೆ ಬಲ ಸಾಲದು, ಒಂದಕ್ಕೆ ಮಾತ್ರ ಸ್ಪಂದಿಸಿದರೆ ಅದೇ ಆವರ್ತನ, ಯಾವುದಕ್ಕೂ ಸ್ಪಂದಿಸದಿದ್ದರೆ ಮೂಲ ರಿಮೋಟನ್ನೇ ಮತ್ತೊಮ್ಮೆ ಅದೇ ಉಪಕರಣದ ಮೇಲೆ ಒತ್ತಿ, ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು.